ಆರೂವರೆ ಅಂಗುಲದ ಕಾರು

ಈ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾದ ನಾನೂ ಏನಾದರೂ ಬರೆದುಕೊಡಬೇಕೆಂದು ಸಂಪಾದಕವರ್ಗದವರು ಅಪ್ಪಣೆ ಮಾಡಿದಾಗ, ನನಗೆ ಚೆನ್ನಾಗಿ ತಿಳಿದ ವಿಷಯ ಯಾವುದೆಂದು ಬಹಳ ಹೊತ್ತು ಯೋಚಿಸಿದೆನು. ಪಾಂಡಿತ್ಯದ ವಿಷಯವಾವುದೂ ತೋರಲಿಲ್ಲ. ಅಷ್ಟರಲ್ಲಿ ಮೇಜಿನ ಮೇಲಿರುವ ಪುಟ್ಟ ಕಾರು ಕಣ್ಣಿಗೆ ಬಿದ್ದಿತು. ನಾನೇ ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿ, ಹೊಳಪು ಕೊಟ್ಟ ಕಾರು ಅದು. ಅದರ ಸಂಗತಿಯನ್ನೇ ಬರೆಯುತ್ತೇನೆ. ಆಟದ ಸಾಮಾನಿನ ಮಾತೆಂದು ತಂಗಿಯರು ನಗದಿರಲಿ.

ನನ್ನ ತಂದೆಯವರು ಚಿಕ್ಕಬಳ್ಳಾಪುರದಲ್ಲಿ ಬಾಡಿಗೆಗೆ ಫಿಯೆಟ್ ಕಾರನ್ನು ಓಡಿಸಿ ನಮ್ಮನ್ನು ಸಾಕಿದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ವ್ಯಾಪಾರಿಗಳನ್ನು, ಚಿಂತಾಮಣಿಗೆ ಮದುವೆಯವರನ್ನು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಯಾತ್ರಿಕರನ್ನು ಕರೆದೊಯ್ಯುತ್ತಿದ್ದರು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಮ್ಮದು ಪ್ರತ್ಯೇಕ ಜಿಲ್ಲೆಯಾಯಿತು; ತಂದೆಯವರಿಗಾದರೋ ಅದಕ್ಕೆ ಬಹಳ ಮೊದಲೇ ಈ ನಾಲ್ಕು ಊರುಗಳೂ ಒಂದೇ ಬೀದಿಯ ನಾಲ್ಕು ಮನೆಗಳಂತೆ ಇದ್ದವು.

ಮುದ್ದೇನಹಳ್ಳಿಯ ಕಡೆಗೆ ಹೋದಾಗಲೆಲ್ಲ ಅವರು ಒಂದು ಮಾತನ್ನು ತಪ್ಪದೆ ಹೇಳುವರು. ಆ ಊರಿನಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು, ಮೋಟಾರು ಕಾರುಗಳು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆಯನ್ನು ಸಿದ್ಧಪಡಿಸಿ ಬಹಳ ಶ್ರಮಪಟ್ಟರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ತಂದೆಯವರ ಫಿಯೆಟ್ ಆ ಸಂಸ್ಥೆಯಲ್ಲಿ ತಯಾರಾದುದು. "ನಮ್ಮ ಗಾಡಿಗೂ ಮುದ್ದೇನಹಳ್ಳಿಯ ನಂಟು ಉಂಟಮ್ಮ" ಎಂದು ಅವರು ಹೆಮ್ಮೆಪಡುತ್ತಿದ್ದರು.

ಕಾಲಕ್ರಮದಲ್ಲಿ ಕಾರು ಮಾರಿಹೋಯಿತು. ಕೆಲವು ವರ್ಷಗಳ ಮೇಲೆ ತಂದೆಯವರ ಕಣ್ಣುಗಳೂ ಪೂರ್ಣವಾಗಿ ಹೋದವು. ಆ ಕಾರನ್ನು ಮತ್ತೊಮ್ಮೆ ಅವರ ಕೈಗೆ ಕೊಡಬೇಕೆಂಬ ಆಸೆ ಆಗ ನನ್ನಲ್ಲಿ ಹುಟ್ಟಿತು.

ನಿಜವಾದ ಕಾರಿನ 24 ಅಂಗುಲಕ್ಕೆ ಇಲ್ಲಿ ಒಂದು ಅಂಗುಲವೆಂಬ ಲೆಕ್ಕವನ್ನು ಹಿಡಿದೆನು. ಸುಮಾರು 13 ಅಡಿಯ ಫಿಯೆಟ್ ಹೀಗೆ ಆರೂವರೆ ಅಂಗುಲಕ್ಕೆ ಇಳಿಯಿತು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರವನ್ನೇ ತರಿಸಿದೆನು. ಅದು ಮೃದುವಾದುದು, ಎಳೆ ಸಣ್ಣದು. ಚಕ್ರಗಳನ್ನೂ ಚನ್ನಪಟ್ಟಣದಲ್ಲಿಯೇ ಮಾಡಿಸಿದೆನು. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಆಮೇಲೆ ಕೇದಗೆಯ ಗರಿಯನ್ನು ಒತ್ತಿದರೆ ಹೊಳಪು ಏರುವುದು. ಆದರೆ ಗುಂಡಾದ ವಸ್ತುವಿಗೆ ಮಾತ್ರ ಈ ಉಪಾಯ ಸಲ್ಲುವುದು. ಕಾರಿನ ಮೈ ಗುಂಡಲ್ಲವಾದ್ದರಿಂದ ಅದಕ್ಕೆ ಕೈಯಿಂದಲೇ ಬಣ್ಣ ಹಚ್ಚಬೇಕಾಯಿತು.

ಹಚ್ಚಲು ತೊಡಗಿದ ಮೇಲೆ ಈ ಕೆಲಸದ ಕಷ್ಟ ತಿಳಿಯಿತು. ಮೊದಲು ಮರದ ರಂಧ್ರಗಳನ್ನು ಲಪ್ಪದಿಂದ ಮುಚ್ಚಿ ಉಪ್ಪುಕಾಗದದಿಂದ ತಿಕ್ಕಬೇಕು. ಆಗ ಉಳಿದ ಕೂದಲೆಳೆಯಷ್ಟು ಗೀರನ್ನು ಬಣ್ಣವು ಮುಚ್ಚುವುದೆಂದು ನಂಬಬಾರದು. ಹೊಳಪು ಬಂದಷ್ಟೂ ಅದು ಎದ್ದು ಕಾಣುವುದು. ನಿಜವಾದ ಕಾರಿಗೆ ತೆಳುವೆನಿಸುವ ಲೇಪವು ಪುಟ್ಟ ಕಾರಿನಲ್ಲಿ ಬಾಗಿಲಿನ ಸಂದುಗಳನ್ನೇ ತುಂಬಿಬಿಡುವುದು. ಆದ್ದರಿಂದ ಬಣ್ಣವನ್ನು ನೀರಾಗಿಸಿ, ಒಂದು ದಪ್ಪ ಲೇಪದ ಬದಲು ನಾಲ್ಕೈದು ತೆಳುವಾದ ಲೇಪಗಳನ್ನು ಕೊಡಬೇಕು. ನಮ್ಮೂರಿನ ಬೇಸಗೆಯ ಗಾಳಿಯಲ್ಲಿ ಧೂಳು ಹೆಚ್ಚು. ನಾನು ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಚ್ಚಿ, ಪ್ರತಿ ಲೇಪದ ಮೇಲೂ ಅಡಿಗೆಮನೆಯ ದೊಡ್ಡ ಡಬ್ಬಿಯನ್ನು ಕಾರಿನ ಮೇಲೆ ಮಗುಚಿಡುತ್ತಿದ್ದೆನು.

ಇಷ್ಟೆಲ್ಲ ತಿಳಿದಿದ್ದರೂ ಕೊನೆಯಲ್ಲಿ ತಪ್ಪಿದೆನು. ತಂದೆಯವರಿಗೆ 80 ತುಂಬುವ ದಿನ ಹತ್ತಿರವಾಗಿತ್ತು. ಅವಸರದಿಂದ ಕಡೆಯ ಕೆನೆಬಣ್ಣದ ಎನಾಮೆಲನ್ನು ದಪ್ಪನಾಗಿ ಬಳಿದೆನು. ಎಡಬಾಗಿಲಿನ ಕೆಳಗೆ ಬಣ್ಣವು ಇಳಿದು ಹನಿಗಟ್ಟಿತು. ಅದು ಪೂರ್ಣವಾಗಿ ಒಣಗುವ ಮುಂಚೆಯೇ ಮೇಲೆ ಲ್ಯಾಕರನ್ನು ಹಚ್ಚಿದೆನು. ಹಿಂಬದಿಯಲ್ಲಿ ಅಂಗೈಯ ಗೆರೆಗಳಂತೆ ಸುಕ್ಕು ಎದ್ದಿತು. ಒಣಗದ ಎನಾಮೆಲಿನ ಮೇಲೆ ಲ್ಯಾಕರ್ ನಿಲ್ಲುವುದಿಲ್ಲವೆಂಬುದನ್ನು ನಾನು ಅರಿಯದವಳಲ್ಲ. ಆ ಸುಕ್ಕನ್ನು ಒಂದಿಷ್ಟು ತಿಕ್ಕಿ ಮರೆಮಾಡಿದೆನು. ಹನಿಯನ್ನು ಹಾಗೆಯೇ ಬಿಟ್ಟೆನು. ನೋಡುವವರಿಗೆ ಅದು ಕಾಣದು, ತಂದೆಯವರಿಗಂತೂ ಕಣ್ಣಿಲ್ಲ. ಈ ಕೊನೆಯ ಮಾತು ನನ್ನ ಮನಸ್ಸಿಗೆ ಬಂದುದನ್ನು ನಾಚಿಕೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಆ ದಿನ ಬಂದ ಬಂಧುಗಳೆಲ್ಲರೂ ಕಾರನ್ನು ಹೊಗಳಿದರು. ತಂದೆಯವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳಿಂದ ಮೆಲ್ಲನೆ ಸವರಿದರು. ಬಾನೆಟ್ಟು, ಗಾಜು, ಮೇಲ್ಛಾವಣಿ ಎಲ್ಲವನ್ನೂ ಗುರುತಿಸಿ ನಕ್ಕರು. ಎಡಬಾಗಿಲಿನ ಕೆಳಗೆ ಬೆರಳು ನಿಂತಿತು. ಮತ್ತೆ ಹಿಂಬದಿಯಲ್ಲಿ ನಿಂತಿತು. ಬಂಧುಗಳು ಊಟಕ್ಕೆ ಏಳುವವರೆಗೆ ಅವರು ಏನೂ ಆಡಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲಿ ಅವಸರ ಮಾಡಿದೆಯಲ್ಲಮ್ಮ" ಎಂದರು.

ನನಗೆ ಊಟ ಸೇರಲಿಲ್ಲ. ಪ್ರತಿ ಭಾನುವಾರ ಅವರು ಫಿಯೆಟ್ಟನ್ನು ತೊಳೆಯುತ್ತಿದ್ದುದು ನೆನಪಾಯಿತು. ಒಣಧೂಳಿನ ಮೇಲೆ ಬಟ್ಟೆ ಎಳೆದರೆ ಬಣ್ಣಕ್ಕೆ ಗೀರು ಬೀಳುವುದೆಂದು, ಮೊದಲು ನೀರು ಹರಿಸಿ, ಆಮೇಲೆಯೇ ಒರೆಸುವರು. ಒರೆಸಿದ ಮೇಲೆ ಕಣ್ಣಿನಿಂದ ನೋಡುತ್ತಿರಲಿಲ್ಲ, ಅಂಗೈಯಿಂದ ಸವರಿ ನೋಡುತ್ತಿದ್ದರು. ಅಂಥವರ ಕೈಯನ್ನು ನಾನು ಮರೆತಿದ್ದೆನು.

ಮರುದಿನವೇ ಬಣ್ಣವನ್ನೆಲ್ಲ ಕೆರೆದು ಹಾಕಿ ಮೊದಲಿನಿಂದ ತೊಡಗಿದೆನು. ಈ ಬಾರಿ ಕಡೆಯ ಎನಾಮೆಲಿನ ಮೇಲೆ ಲ್ಯಾಕರ್ ಹಚ್ಚಲಿಲ್ಲ. ಅದನ್ನು ಮೂರು ವಾರ ಮುಟ್ಟಲೂ ಇಲ್ಲ. ಬಳಿಕ 1000 ಮತ್ತು 2000 ನಂಬರಿನ ವಾಟರ್ ಪೇಪರನ್ನು ಸಾಬೂನಿನ ನೀರಿನಲ್ಲಿ ನೆನೆಸಿ ಹಗುರವಾಗಿ ತಿಕ್ಕಿದೆನು. ಅಂಚುಗಳಲ್ಲಿ ಬಣ್ಣ ಬೇಗ ಸವೆಯುವುದರಿಂದ ಅಲ್ಲಿ ಕೈ ಒತ್ತಲಿಲ್ಲ. ತಾಯಿಯವರ ಹಳೆಯ ನೂಲಿನ ಸೀರೆಯ ತುಂಡಿನಿಂದ ರಬ್ಬಿಂಗ್ ಕಾಂಪೌಂಡು ಹಚ್ಚಿ ಉಜ್ಜಿ, ಕೊನೆಗೆ ಮೇಣದ ಲೇಪ ಕೊಟ್ಟೆನು.

ತಂದೆಯವರು ಈ ಸಲ ಬಹಳ ಹೊತ್ತು ಸವರಿದರು. ಬೆರಳು ಎಲ್ಲಿಯೂ ನಿಲ್ಲಲಿಲ್ಲ. "ಇನ್ನು ಬಾಡಿಗೆಗೆ ಹೊರಡಬಹುದು" ಎಂದರು. ಮರುವರ್ಷ ಅವರು ತೀರಿಕೊಂಡರು. ಅಲ್ಲಿಯವರೆಗೂ ಆ ಕಾರು ಅವರ ತಲೆದಿಂಬಿನ ಬಳಿಯಲ್ಲಿಯೇ ಇತ್ತು.

ಪ್ರಿಯ ತಂಗಿಯರೇ, ನಿಮ್ಮ ಕೈಕೆಲಸವನ್ನು ನೋಡಲಾರದವರು ನಿಮಗೆ ಅನೇಕರು ದೊರೆಯುವರು: ವಯಸ್ಸಾದವರು, ಓದು ಬಾರದವರು, ನಿಮ್ಮನ್ನು ನಂಬಿ ಕಣ್ಣುಮುಚ್ಚಿಕೊಂಡವರು. ಅಂಥವರಿಗಾಗಿ ಮಾಡುವ ಕೆಲಸದಲ್ಲಿ ಇಷ್ಟು ಸಾಕೆಂದು ಮನಸ್ಸು ಹೇಳಿದಾಗ, ಈ ಅಕ್ಕನ ಪುಟ್ಟ ಕಾರನ್ನು ಒಮ್ಮೆ ನೆನೆದುಕೊಂಡರೆ ನಾನು ಬರೆದುದು ಸಾರ್ಥಕ.