ಮಹದೇವರೆಲ್ಲರೂ ಮಾಯವಾದ ಕಥೆ

ನಿವೃತ್ತಿಯ ನಂತರ ನಾನು ಕೈಗೊಂಡ ಕೆಲಸಗಳಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯೂ ಒಂದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಲೆಗಳಲ್ಲಿ ನನ್ನೆದುರು ಕುಳಿತವರ ಹೆಸರು, ಊರು, ದೂರವಾಣಿ ಸಂಖ್ಯೆ. ಒಬ್ಬರಿಗೆ ಒಂದು ಸಾಲು. ಲಿನಕ್ಸ್ ಗಣಕದಲ್ಲಿ ಅದೊಂದು ಸರಳ ಪಠ್ಯ ಕಡತ.

ಕಳೆದ ವರ್ಷ ಕೋಟೆಯ ಕಡೆಯ ಶಿಷ್ಯ ಮಹದೇವ ತೀರಿಕೊಂಡ ಸುದ್ದಿ ಬಂತು. ಯುಗಾದಿಯ ಶುಭಾಶಯ ಅವನ ಮನೆಗೆ ಹೋಗಿ ನೋವಾಗಬಾರದೆಂದು ಆ ಸಾಲನ್ನು ತೆಗೆಯಲು ಹೊರಟೆ. ಮೊಮ್ಮಗ ಬರೆದುಕೊಟ್ಟ ಶೆಲ್ ಸ್ಕ್ರಿಪ್ಟ್ ಇತ್ತು. ಅದರೊಳಗಿನ 'ಗ್ರೆಪ್' ಆಜ್ಞೆಯನ್ನು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ರಚಿಸಿದರು. ಕೊಟ್ಟ ಪದವಿರುವ ಸಾಲುಗಳನ್ನು ಅದು ಹೆಕ್ಕುತ್ತದೆ. ಇಂಗ್ಲಿಷಿನ 'ವಿ' ಅಕ್ಷರವನ್ನು ಆಯ್ಕೆಯಾಗಿ ಸೇರಿಸಿದರೆ ಅವನ್ನು ಬಿಟ್ಟು ಉಳಿದವನ್ನು ಕೊಡುತ್ತದೆ. 'ಮಹದೇವ' ಎಂದು ಕೊಟ್ಟೆ. ಕ್ಷಣಾರ್ಧದಲ್ಲಿ ಹೊಸ ಪಟ್ಟಿ ಸಿದ್ಧ. ಎಣಿಸಿ ನೋಡಲಿಲ್ಲ. "ಉತ್ತರವನ್ನು ಇನ್ನೊಮ್ಮೆ ಓದಿ" ಎಂದು ಪರೀಕ್ಷೆಯಲ್ಲಿ ನಿಮ್ಮನ್ನೆಲ್ಲ ಕಾಡುತ್ತಿದ್ದವನೂ ನಾನೇ!

ಹಬ್ಬ ಕಳೆದ ಮೂರನೆಯ ದಿನ ಮಹದೇವಮ್ಮ ಕರೆ ಮಾಡಿದಳು. ಮದುವೆಯಾದಂದಿನಿಂದ ಕೆ.ಆರ್. ನಗರದಲ್ಲಿದ್ದಾಳೆ. "ಈ ಸಲ ನಿಮ್ಮ ಸಂದೇಶ ಬರಲಿಲ್ಲ. ನನ್ನ ಮೇಲೆ ಬೇಸರವೇ ಸಾರ್?"

ಮಲೆಯ ಮಾದಪ್ಪನ ಒಕ್ಕಲು ತುಂಬಿದ ನಮ್ಮ ಸೀಮೆಯಲ್ಲಿ ಮಹದೇವರಿಲ್ಲದ ತರಗತಿಯುಂಟೆ? ಮಹದೇವಮ್ಮ, ಮಹದೇವಪ್ಪ, ಮಹದೇವಸ್ವಾಮಿ ಎಲ್ಲರೂ ಹೋಗಿದ್ದರು. ಮಹದೇವಿ ಏಕೆ ಹೋದಳೆಂಬುದು ಮಾತ್ರ ಕನ್ನಡ ಮೇಷ್ಟರಾದ ನನಗೂ ಒಗಟಾಯಿತು. 'ವಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಾದರೋ 'ವ' ಮತ್ತು ಗುಡಿಸು ಎಂಬ ಎರಡು ಸಂಕೇತಗಳು. ಮಹದೇವನ ಬೆನ್ನಿಗೊಂದು ಗುಡಿಸು ಅಂಟಿದೆಯೆಂದೇ ಯಂತ್ರ ತಿಳಿಯಿತು. ಕಾಗುಣಿತ ಕಲಿಸುವಾಗ ನಾವು ಹೇಳುತ್ತಿದ್ದುದೂ ಅದನ್ನೇ ಅಲ್ಲವೆ!

ಹಳೆಯ ಪ್ರತಿ ಪೆನ್ ಡ್ರೈವಿನಲ್ಲಿತ್ತು, ಬಚಾವಾದೆ. ಈಗ ಸಾಲಿನ ಆರಂಭದ ಗುರುತು, ಹೆಸರು, ಅಲ್ಪವಿರಾಮ, ಊರು ಇಷ್ಟನ್ನೂ ಕೊಡುತ್ತೇನೆ. ಮೊದಲು ಆ ಆಯ್ಕೆಯಿಲ್ಲದೆ ನಡೆಸಿ, ಹೋಗಲಿರುವ ಸಾಲು ಯಾವುದೆಂದು ಕಣ್ಣಾರೆ ನೋಡುತ್ತೇನೆ. ಫಲಿತವನ್ನು ಅದೇ ಕಡತಕ್ಕೆ ತಿರುಗಿಸುವುದಂತೂ ಇಲ್ಲ. ಗ್ರೆಪ್ ಓದುವ ಮೊದಲೇ ಶೆಲ್ ಅದನ್ನು ಬರಿದುಮಾಡಿರುತ್ತದೆ.

ನಡೆದದ್ದನ್ನು ಹೇಳಿದಾಗ ಮಹದೇವಮ್ಮ ಮನಸಾರೆ ನಕ್ಕಳು. ಆಮೇಲೆ, "ಯಾವ ಮಹದೇವ ಸಾರ್, ತೀರಿಕೊಂಡದ್ದು?" ಎಂದಳು. ಊರು ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಇಬ್ಬರೂ ಒಂದೇ ತರಗತಿಯವರೆಂಬುದನ್ನು ನಾನು ಮರೆತಿದ್ದೆ. "ಅವನ ಸಾಲು ಅಳಿಸಿಯೇಬಿಟ್ಟಿರಾ?" ಎಂದು ಕೊನೆಗೆ ಕೇಳಿದಳು.

ಅಳಿಸಿಲ್ಲ. ಅಂದೇ ಸಂಜೆ ಬೇರೊಂದು ಕಡತ ತೆರೆದು, ದೂರವಾಣಿ ಸಂಖ್ಯೆಯ ಸಮೇತ ಅಲ್ಲಿಗೆ ಸೇರಿಸಿದೆ.

ನಿಮ್ಮಲ್ಲಿ ಇನ್ನೂ ಯಾರಿಗಾದರೂ ಸಂದೇಶ ತಲುಪದಿದ್ದರೆ ದಯವಿಟ್ಟು ತಿಳಿಸಿರಿ.