ಮಳೆ ಲೆಕ್ಕದ ಕಂಪ್ಯೂಟರು, ಟ್ರ್ಯಾಕ್ಟರಿನ ಬಲ್ಬು

ನಾಲ್ಕೈದು ದಿನದಿಂದ ತೋಟದ ಸುದ್ದಿ ಬರೆದಿರಲಿಲ್ಲ. ಕಾರಣ ನಮ್ಮನೆ ಕಂಪ್ಯೂಟರು. ಆನ್ ಮಾಡಿ ಹತ್ತು ನಿಮಿಷಕ್ಕೆ ಟಪ್ ಅಂತ ಆಫ್. 2011ರಿಂದ ಬರೆದಿಟ್ಟ ಮಳೆ ಲೆಕ್ಕ, ಬೋರಿನ ನೀರಿನ ಮಟ್ಟ ಎಲ್ಲಾ ಅದರೊಳಗೇ. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲ, ಬೈಬೇಡಿ.

ಮೊದಲು ಅನುಮಾನ ಬಂದಿದ್ದು ಕರೆಂಟಿನ ಮೇಲೆ. ಥ್ರೀ ಫೇಸ್ ಬಂದು ಎಲ್ಲರ ಮೋಟರು ಶುರುವಾದ್ರೆ ಮನೆ ವೋಲ್ಟೇಜು ಹೇಗೆ ಕುಸಿಯುತ್ತೆ ನಿಮಗೂ ಗೊತ್ತು. ಆದ್ರೆ ರಾತ್ರಿ ಪ್ಲಗ್ಗಿನಲ್ಲಿ 226 ಇದ್ದಾಗ್ಲೂ ಆಫ್ ಆಯ್ತು. ಪೇಟೆಯ ರಿಪೇರಿ ಅಂಗಡಿಯವರು ಎಸ್‌ಎಂಪಿಎಸ್ ಬಾಕ್ಸಿಗೆ ಮೀಟರ್ ಹಿಡಿದು, "ವೋಲ್ಟೇಜ್ ಸರಿಯಾಗಿದೆ, ಬೋರ್ಡೇ ಹೋಗಿದೆ, ಏಳೆಂಟು ಸಾವಿರ ಆಗುತ್ತೆ" ಅಂದ್ರು. ಹಾಗೇ ವಾಪಸ್ ತಂದೆ.

ಮನೇಲಿ ನಾನೂ ಅದನ್ನೇ ಮಾಡಿ ನೋಡ್ದೆ. ಬೋರ್ಡಿಗೆ ಹೋಗೋ ದೊಡ್ಡ ಪ್ಲಗ್ ಕಿತ್ತು, ಅದರ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ತುಂಡು ವೈರು ಸಿಕ್ಕಿಸಿದ್ರೆ ಬಾಕ್ಸಿನ ಫ್ಯಾನ್ ತಿರುಗುತ್ತೆ. ಹಳದಿಗೂ ಕಪ್ಪಿಗೂ ಮೀಟರ್ ಹಿಡಿದ್ರೆ 12.1. ಕೆಂಪಿನಲ್ಲಿ 5.1. ಅಂಗಡಿಯವರು ಸುಳ್ಳು ಹೇಳಿರಲಿಲ್ಲ.

ಆದ್ರೆ ಟ್ರ್ಯಾಕ್ಟರ್ ಬ್ಯಾಟರಿನೂ ಸುಮ್ಮನೆ ನಿಂತಾಗ 12.6 ತೋರಿಸುತ್ತಲ್ಲ? ಸೆಲ್ಫ್ ಹೊಡೆದಾಗ ತಾನೇ ಅದರ ಬಣ್ಣ ಬಯಲಾಗೋದು. ಅದಕ್ಕೆ ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬು, 55 ವ್ಯಾಟಿಂದು, ಬಿಚ್ಚಿ ತಂದು ಹಳದಿ-ಕಪ್ಪು ತಂತಿಗೆ ಕೊಟ್ಟೆ. ಸುಮಾರು ನಾಲ್ಕೂವರೆ ಆಂಪ್ಸ್ ಎಳೆಯುತ್ತೆ. ಹಾಕಿದ ಕೂಡ್ಲೇ 11.5. ಬಾಕ್ಸ್ ಬಿಸಿ ಆಗ್ತಾ ಆಗ್ತಾ 11.2. ಹತ್ತನೇ ನಿಮಿಷಕ್ಕೆ 10.8. ಹನ್ನೆರಡು ವೋಲ್ಟಿನ ತಂತಿ ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ಆಗಬಹುದು, ಅಂದ್ರೆ 11.4ಕ್ಕಿಂತ ಕೆಳಗೆ ಹೋಗಬಾರದು. ಆದ್ರೂ ನಂಬಿಕೆ ಬರಲಿಲ್ಲ. ಅಣ್ಣನ ಮಗನ ಕಂಪ್ಯೂಟರಿನ ಬಾಕ್ಸ್ ಬಿಚ್ಚಿಸ್ಕೊಂಡು ಬಂದು ಅದೇ ಬಲ್ಬು ಹಾಕ್ದೆ. 11.9ರಲ್ಲಿ ಅಲ್ಲಾಡದೆ ನಿಂತಿತು.

ನೀವು ಮಾಡೋದಾದ್ರೆ ಕರೆಂಟ್ ಆಫ್ ಮಾಡಿಯೇ ತಂತಿ ಸಿಕ್ಕಿಸಿ. ಬಲ್ಬು ಮುಟ್ಟಬೇಡಿ, ಸುಡುತ್ತೆ (ನನ್ನ ಹೆಬ್ಬೆರಳೇ ಸಾಕ್ಷಿ). ಬಾಕ್ಸಿನ ಮುಚ್ಚಳ ಮಾತ್ರ ತೆಗೀಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ಹೊಸ ಬಾಕ್ಸ್ ಹಾಕಿ ಮೂರು ದಿನ ಆಯ್ತು, ಒಂದ್ಸಲನೂ ಆಫ್ ಆಗಿಲ್ಲ. ಮಳೆ ಲೆಕ್ಕ ಎರಡು ಪೆನ್‌ಡ್ರೈವಿಗೆ ಇಳಿಸಿದ್ದೀನಿ, ಒಂದು ತಂಗಿ ಮನೇಲಿದೆ. ಬಲ್ಬು ಇನ್ನೂ ಟ್ರ್ಯಾಕ್ಟರಿಗೆ ವಾಪಸ್ ಹಾಕಿಲ್ಲ. ನಿಮ್ಮಲ್ಲಿ ಯಾರದ್ದಾದ್ರೂ ಹೀಗೇ ಆಫ್ ಆಗ್ತಿದ್ರೆ ಬಾಕ್ಸ್ ತಗೊಂಡು ಬನ್ನಿ, ನೋಡೋಣ.