ದಾಖಲೆಯಲ್ಲಿ ಸಿಗದವರು

ಮೂರು ವರ್ಷಗಳ ಹಿಂದೆ ಅಕ್ಕಲಕೋಟೆಯ ನಮ್ಮ ಮನೆಯ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು, ಸೊಲ್ಲಾಪುರದಲ್ಲಿ ಬಲಸೊಂಟದ ಕೀಲನ್ನು ಬದಲಿಸಿಕೊಳ್ಳಬೇಕಾಯಿತು. ಮನೆಗೆ ಕಳುಹಿಸುವ ದಿನ, ಕೃತಕ ಕೀಲಿನ ಪೆಟ್ಟಿಗೆಯ ಮೇಲಿದ್ದ ಅಂಟುಚೀಟಿಯೊಂದನ್ನು ವೈದ್ಯರಿಂದ ಬೇಡಿ ಪಡೆದೆ. ತಯಾರಕರ ಹೆಸರು, ಕ್ರಮಸಂಖ್ಯೆ ಅದರಲ್ಲಿವೆ. ಹೊಲದ ಉತಾರದ ಜೊತೆ ಅದನ್ನು ಟ್ರಂಕಿನಲ್ಲಿ ಇಡುತ್ತಿದ್ದಾಗ ನಮ್ಮ ಮನೆಯಾಕೆ, "ಅದೇನ್ ಸ್ವಾಮಿ ಸಮರ್ಥರ ಪ್ರಸಾದ ಏನ್ರೀ, ಇಷ್ಟು ಜ್ವಾಕಿ ಮಾಡ್ಲಿಕ್ಕೆ?" ಎಂದು ನಕ್ಕಳು.

ಕಾರಣವಿತ್ತು. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಸಂಸ್ಥೆಯ 'ಎಎಸ್‌ಆರ್' ಎಂಬ ಕೀಲಿನ ಕಥೆಯನ್ನು ನಾನು ಮೊದಲೇ ಓದಿದ್ದೆ. ಅದರಲ್ಲಿ ಲೋಹದ ಗುಂಡು ಲೋಹದ ಬಟ್ಟಲಿನಲ್ಲೇ ತಿರುಗುತ್ತಿತ್ತು. ಸವೆದು ಉದುರಿದ ಕೋಬಾಲ್ಟ್, ಕ್ರೋಮಿಯಂ ಸುತ್ತಲಿನ ಮಾಂಸವನ್ನು ಕೆಡಿಸಿ ರಕ್ತಕ್ಕೂ ಸೇರುತ್ತಿದ್ದವು. ಆಸ್ಟ್ರೇಲಿಯದಲ್ಲಿ ಕೀಲು ಬದಲಾವಣೆಗಳ ರಾಷ್ಟ್ರೀಯ ದಾಖಲೆ ಇದ್ದುದರಿಂದ ಮರುಶಸ್ತ್ರಚಿಕಿತ್ಸೆಗಳ ಹೆಚ್ಚಳ ಬೇಗ ಗೋಚರಿಸಿತು. 2009ರಲ್ಲಿಯೇ ಅಲ್ಲಿ ಅದರ ಮಾರಾಟ ನಿಂತಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡಿತು.

ಅಂಗಡಿಯಲ್ಲಿರುವ ಮಾಲನ್ನು ಹಿಂತೆಗೆದುಕೊಳ್ಳಬಹುದು. ಮೈಯೊಳಗೆ ಸೇರಿಹೋದುದನ್ನು? ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಈ ಕೀಲನ್ನು ಕೂಡಿಸಲಾಗಿತ್ತು. ಮರುಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವುದಾಗಿ ಕಂಪನಿ ಹೇಳಿತು, ನಿಜ. ಆದರೆ ಕೇಂದ್ರ ಸರ್ಕಾರ ನೇಮಿಸಿದ ಡಾ. ಅರುಣ್ ಅಗರವಾಲ್ ಸಮಿತಿ 2018ರಲ್ಲಿ ವರದಿ ಕೊಟ್ಟಾಗ, ಸುಮಾರು 3,600 ರೋಗಿಗಳ ಪತ್ತೆಯೇ ಇರಲಿಲ್ಲ. ಬಾಧಿತರಿಗೆ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸಮಿತಿ ಸೂಚಿಸಿತು. ಅಮೆರಿಕದ ಸುಮಾರು 8,000 ರೋಗಿಗಳೊಡನೆ ಕಂಪನಿ 2013ರಲ್ಲಿಯೇ ಒಪ್ಪಂದಕ್ಕೆ ಬಂದಿತ್ತು. ಇಲ್ಲಿ ಹೆಸರೇ ಗೊತ್ತಿಲ್ಲದವರ ಬಾಗಿಲಿಗೆ ಪರಿಹಾರವನ್ನು ಒಯ್ಯುವವರು ಯಾರು?

ನಾನು ಕನ್ನಡ ಶಾಲೆಯೊಂದರ ಮುಖ್ಯಾಧ್ಯಾಪಕನಾಗಿದ್ದವನು. ನಲವತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟವರು ಭಿವಂಡಿಯಿಂದಲೋ ಪುಣೆಯಿಂದಲೋ ಬಂದು ಜನ್ಮದಿನಾಂಕದ ದಾಖಲೆ ಕೇಳುತ್ತಿದ್ದರು. ಗೆದ್ದಲು ಹತ್ತದಂತೆ ಕಾಯ್ದಿದ್ದ ಜನರಲ್ ರಜಿಸ್ಟರಿನ ಧೂಳು ಕೊಡವಿ, ಹೆಸರು ಹುಡುಕಿ, ಬರೆದು ಕೊಡುತ್ತಿದ್ದೆವು. ಬಡ ಶಾಲೆಯೊಂದು ಇಷ್ಟನ್ನು ಮಾಡಬಲ್ಲದಾದರೆ, ಲಕ್ಷಗಟ್ಟಲೆ ಬೆಲೆಯ ವಸ್ತುವನ್ನು ಮನುಷ್ಯನ ದೇಹದೊಳಗೆ ಇಡಿಸುವವರು ಅದು ಯಾರ ದೇಹವೆಂದು ಅರಿತಿರಬೇಡವೇ? ಮಾರಿದ ಮೇಲೂ ತಯಾರಕರ ಹೊಣೆ ತೀರುವುದಿಲ್ಲ. ರೋಗಿ ಬದುಕಿರುವವರೆಗೂ ಅದು ಉಳಿಯುತ್ತದೆ.

ನಮ್ಮ ಸಂಘದಲ್ಲಿ ನನ್ನಂತೆ ಮೊಣಕಾಲು, ಸೊಂಟ ಬದಲಿಸಿಕೊಂಡ ಹಿರಿಯರು ಅನೇಕರಿದ್ದೀರಿ. ಆ ಚೀಟಿಯನ್ನು ಕೇಳಿ ಪಡೆಯಿರಿ. ಅದು ಎಲ್ಲಿದೆಯೆಂದು ಮಕ್ಕಳಿಗೂ ತಿಳಿಸಿರಿ. ನಾನು ನನ್ನ ಮಗನಿಗೆ ತಿಳಿಸಿದ್ದೇನೆ. ಈಗ ಮನೆಯಾಕೆಯೂ ನಗುವುದಿಲ್ಲ. ಟ್ರಂಕಿನ ಕೀಲಿಕೈ ಅವಳ ಬಳಿಯೇ ಇದೆ.